ಸ್ವಂತ ಗಂಟಿನ ಗ್ರಂಥಗಳು

ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳು ಮಳೆಯನ್ನೇ ನೆಚ್ಚಿ ಬಾಳಿದವು. 'ಡೋಣಿ ಬೆಳೆದರೆ ಓಣೆಲ್ಲ ಕಾಳು' ಎಂಬ, ಡೋಣಿ ನದಿಯ ಬಯಲನ್ನು ಕುರಿತ ಇಲ್ಲಿಯ ನಾಣ್ಣುಡಿಯಲ್ಲಿ ಸುಭಿಕ್ಷದ ಹೆಮ್ಮೆಯೊಡನೆ, ಡೋಣಿ ಬೆಳೆಯದ ವರ್ಷದ ಭೀತಿಯೂ ಅಡಗಿದೆ. ಬಿಳಿಜೋಳ ಕೈಸೇರಿ, ಅಂಗಡಿಯ ಉದ್ರಿ ತೀರಿ, ಮುಂದಿನ ಬಿತ್ತಿಗೆ ಕಾಳು ಹಗೆಯಲ್ಲಿ ಉಳಿದ ಮೇಲಲ್ಲವೆ ಪುಸ್ತಕದ ಮಾತು? ಇಂಥ ನೆಲದಲ್ಲಿ, ಮುಂಬಯಿ ಇಲಾಖೆಯ ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ದಿನಗಳಲ್ಲಿ, ಕನ್ನಡ ಗ್ರಂಥವನ್ನು ಅಚ್ಚುಹಾಕಿಸಹೊರಟವನಿಗೆ ಹಣ ಹೂಡುವ ಪ್ರಕಾಶಕನು ದೊರೆಯುವುದು ದುರ್ಲಭವಾಗಿತ್ತು; ಆದಕಾರಣ ಬರೆಯುವವನೇ ಸಂಪಾದಕನೂ ಪ್ರಕಾಶಕನೂ ಮಾರಾಟಗಾರನೂ ಆಗಬೇಕಾಯಿತು.

ಈ ಇತಿಹಾಸದಲ್ಲಿ ಮೊದಲು ಸ್ಮರಿಸಬೇಕಾದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದ ಇವರು, ನ್ಯಾಯಾಲಯದ ಸಂಪಾದನೆಯನ್ನು ತಾಡೋಲೆಗಳ ಸಂಗ್ರಹಕ್ಕೆ ಸುರಿದರು. ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂಬುದನ್ನು ಎಲ್ಲರೂ ಬಲ್ಲವರಾಗಿದ್ದರೂ, ಅವರ ವಚನಗಳ ಬಹುಭಾಗವು ಮಠಗಳ ಗೂಡುಗಳಲ್ಲಿಯೂ ಮನೆಗಳ ದೇವರ ಜಗಲಿಯ ಮೇಲೂ ದಾರದಲ್ಲಿ ಪೋಣಿಸಿದ ಗರಿಗಳಾಗಿಯೇ ಉಳಿದಿದ್ದಿತು. ಕಂಟದಿಂದ ಕೊರೆದ ಅಕ್ಷರಗಳು ಮಸಿ ತೀಡಿದಲ್ಲದೆ ಕಣ್ಣಿಗೆ ತೋರವು. ತೋರಿದರೂ ಪದಪದಗಳ ನಡುವೆ ಎಡೆಯಿಲ್ಲ, ವಾಕ್ಯದ ಕೊನೆಗೆ ಗುರುತಿಲ್ಲ. ಒಂದು ವಚನ ಮುಗಿದು ಇನ್ನೊಂದು ತೊಡಗುವುದೆಲ್ಲಿ ಎಂಬುದನ್ನು ವಚನಕಾರನ ಅಂಕಿತದ ಆಧಾರದಿಂದಲೇ ನಿಶ್ಚಯಿಸಬೇಕು. ಕಚೇರಿಯ ಕೆಲಸ ಮುಗಿಸಿ ಬಂದವರು ವರ್ಷಗಟ್ಟಲೆ ಈ ಕಾರ್ಯದಲ್ಲಿ ಮಗ್ನರಾದರು.

ಹೀಗೆ ಸಿದ್ಧವಾದ 'ವಚನಶಾಸ್ತ್ರಸಾರ'ದ ಹಸ್ತಪ್ರತಿಯು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಮರಳಿತು. ಕಡೆಗೆ ಬೆಳಗಾವಿಯಲ್ಲಿ ಮುದ್ರಿತವಾಗಿ ಅದರ ಮೊದಲ ಭಾಗವು ೧೯೨೩ರಲ್ಲಿ ಬೆಳಕು ಕಂಡಿತು. ಪರರ ಅಚ್ಚುಕೂಟವನ್ನು ನೆಚ್ಚಿ ಇಷ್ಟು ದೊಡ್ಡ ಕಾರ್ಯ ನಡೆಯದೆಂದು ಮನಗಂಡ ಹಳಕಟ್ಟಿಯವರು, ೧೯೨೫ರಲ್ಲಿ ತಮ್ಮ ಮನೆಯನ್ನೇ ಮಾರಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆಯನ್ನೂ ೧೯೨೭ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯನ್ನೂ ಆರಂಭಿಸಿದರು.

ಅಚ್ಚುಕೂಟವು ಸ್ವಂತದ್ದಾದ ಮಾತ್ರಕ್ಕೆ ಕಷ್ಟ ತೀರಲಿಲ್ಲ. ಕನ್ನಡದ ಅಕ್ಷರಕ್ಕೆ ಒತ್ತಕ್ಷರದ ಮೊಳೆ ಬೇರೆ. ಒಂದೊಂದನ್ನೂ ಆರಿಸಿ ಜೋಡಿಸಿ, ಕರಡಚ್ಚು ತಿದ್ದಿ, ಒತ್ತಿದ ಬಳಿಕ, ಮೊಳೆಗಳು ಮಿತವಾಗಿದ್ದುದರಿಂದ ಜೋಡಣೆಯನ್ನು ಬಿಚ್ಚಿಯೇ ಮುಂದಿನ ಪುಟವನ್ನು ತೊಡಗಬೇಕು. ಎಂದೇ ಎಷ್ಟು ಪ್ರತಿ ಒತ್ತಬೇಕೆಂಬ ನಿರ್ಣಯವು ಜೂಜಿಗೆ ಸಮಾನವಾದುದು: ಹೆಚ್ಚಾದರೆ ಕಟ್ಟುಗಳು ಮನೆಯಲ್ಲಿ ಗೆದ್ದಲಿನ ಪಾಲು; ಕಡಿಮೆಯಾದರೆ ಮರುಮುದ್ರಣಕ್ಕೆ ಎಲ್ಲವನ್ನೂ ಮೊದಲಿನಿಂದ ಜೋಡಿಸುವ ವೆಚ್ಚ. ಕಾಗದದ ಹಣ ಮುಂಗಡ, ಚಂದಾಹಣ ಹಿಂಗಡ. ವ್ಹಿ.ಪಿ.ಯಲ್ಲಿ, ಎಂದರೆ ಹಣ ತೆತ್ತು ಬಿಡಿಸಿಕೊಳ್ಳುವ ಅಂಚೆಯಲ್ಲಿ, ಕಳುಹಿದ ಪ್ರತಿಯನ್ನು ಊರಿನವರು ಬಿಡಿಸಿಕೊಳ್ಳದೆ ಹಿಂದಕ್ಕಟ್ಟಿದರೆ, ಅಂಚೆಯ ವೆಚ್ಚವೂ ಕಳುಹಿದವನ ತಲೆಗೇ.

ಬಾಗೇವಾಡಿ ತಾಲೂಕಿನಲ್ಲಿಯೇ ಇದ್ದ ಆಲಮಟ್ಟಿಯಲ್ಲಿ ಇದೇ ವ್ರತವನ್ನು ಹಿಡಿದವರು ಹರ್ಡೇಕರ ಮಂಜಪ್ಪನವರು. ೧೮೮೬ರಲ್ಲಿ ಬನವಾಸಿಯಲ್ಲಿ ಜನಿಸಿದ ಇವರು, ಶಿಕ್ಷಕ ವೃತ್ತಿಯನ್ನು ತೊರೆದು, ೧೯೦೬ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆಯನ್ನು ಹೊರಡಿಸಿದ್ದರು. ಬಳಿಕ ಕೃಷ್ಣೆಯ ತಡಿಯ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಕಟ್ಟಿ, 'ಶರಣ ಸಂದೇಶ' ಪತ್ರಿಕೆಯನ್ನು ನಡೆಯಿಸಿದರು. ಗದಗ–ಹೋಟಗಿ ರೈಲುಮಾರ್ಗವು ಆಲಮಟ್ಟಿ, ವಿಜಾಪುರ, ಇಂಡಿಗಳನ್ನು ಒಂದೇ ಸೂತ್ರದಲ್ಲಿ ಬಿಗಿದುದು ಟಪಾಲನ್ನೇ ನಂಬಿದ ಈ ಉದ್ಯಮಕ್ಕೆ ಒಂದು ಭಾಗ್ಯವೆಂದೇ ಹೇಳಬೇಕು. ರೈಲಿನ ದಾರಿಯಿಂದ ದೂರವುಳಿದ ಸಿಂದಗಿ, ಮುದ್ದೇಬಿಹಾಳಗಳಿಗೆ ಆ ಅನುಕೂಲವಿರಲಿಲ್ಲ.

ಇಂಡಿ ಸೀಮೆಯ ಹಲಸಂಗಿಯ ಗೆಳೆಯರದು ಇನ್ನೊಂದು ಬಗೆಯ ಸಾಹಸ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಹುಡುಕಿದ ಸಾಹಿತ್ಯಕ್ಕೆ ಗರಿಯೂ ಇರಲಿಲ್ಲ; ಅದು ನಸುಕಿನಲ್ಲಿ ಬೀಸುವ ಹೆಂಗಳೆಯರ ಕೊರಳಲ್ಲಿತ್ತು. ಬೀಸುಕಲ್ಲಿನ ಗೂಟ ಹಿಡಿದ ಕೈ ತಿರುಗುವವರೆಗೆ ತಾನಾಗಿ ಬರುವ ತ್ರಿಪದಿಯು, ಬರೆದುಕೊಳ್ಳುವವನು ಎದುರಿಗೆ ಕುಳಿತೊಡನೆ ನಾಚಿ ನಿಲ್ಲುವುದು ಸಹಜ. ಇಂಥ ಸಂಗ್ರಹಕ್ಕೆ ಆಸರೆಯಾಗಬಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿದುದು ೧೯೪೯ರಲ್ಲಿ. ಅದಕ್ಕೆ ಎಷ್ಟೋ ಮೊದಲು, ೧೯೩೧ರಲ್ಲಿಯೇ, ಈ ಹಳ್ಳಿಯ ತರುಣರು ಹೀಗೆ ಕೂಡಿಸಿದ ತ್ರಿಪದಿಗಳ ಸಂಕಲನ 'ಗರತಿಯ ಹಾಡು' ಪ್ರಕಟವಾಗಿತ್ತು.

ಫಲವೇನೆಂದರೆ, ಲೆಕ್ಕದ ಪುಸ್ತಕದಲ್ಲಿ ನಷ್ಟ, ನಾಡಿನ ಪುಸ್ತಕದಲ್ಲಿ ಲಾಭ. ಹಳಕಟ್ಟಿಯವರನ್ನು ೧೯೨೬ರ ಬಳ್ಳಾರಿಯ ಸಾಹಿತ್ಯ ಸಮ್ಮೇಳನವು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಆದರೆ ೧೯೬೪ರಲ್ಲಿ ತೀರಿಕೊಳ್ಳುವ ತನಕ ಬಡತನವು ಅವರನ್ನು ಬಿಡಲಿಲ್ಲ. ಸಿಂದಗಿ ಸೀಮೆಯವರೇ ಆದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಸರಕಾರವು ಸಮಗ್ರ ವಚನಗಳ ೧೫ ಸಂಪುಟಗಳನ್ನು ಹೊರತಂದಾಗ, ಒಬ್ಬ ವಕೀಲನು ಮನೆ ಮಾರಿ ತೊಡಗಿದ ಕೆಲಸವು ರಾಜ್ಯದ ಬೊಕ್ಕಸಕ್ಕೆ ಸಲ್ಲುವ ಕೆಲಸವೆಂದು ಸಿದ್ಧವಾಯಿತು.

ಇವರ ತ್ಯಾಗವನ್ನು ಕೊಂಡಾಡುವುದು ನಮಗೆ ರೂಢಿಯಾಗಿದೆ, ಸುಲಭವೂ ಆಗಿದೆ. ಕೊಂಡು ಓದುವವರು ಸಾಕಷ್ಟು ಜನರಿದ್ದು, ಚಂದಾ ಹಣವು ಸಕಾಲಕ್ಕೆ ಸಂದಿದ್ದರೆ, ಆ ತ್ಯಾಗದ ಬಹುಭಾಗವು ಅನಾವಶ್ಯಕವಾಗುತ್ತಿತ್ತು ಎಂಬುದನ್ನು ಮಾತ್ರ ನಾವು ಹೇಳುವುದಿಲ್ಲ. ಇಂದಿಗೂ ಸಾಲಮಾಡಿ ಕವನಸಂಕಲನವನ್ನು ಅಚ್ಚುಹಾಕಿಸಿ, ಗೌರವಪ್ರತಿ ಬೇಡುವವರಿಗೆ ಹಂಚಿ ಬರಿಗೈಯಾಗುವ ಲೇಖಕರು ಈ ತಾಲೂಕುಗಳಲ್ಲಿ ಇದ್ದಾರೆ. ಹಿರಿಯರಿಗೆ ಸಲ್ಲಿಸಬೇಕಾದ ಗೌರವವು ಭಾವಚಿತ್ರಕ್ಕೆ ಹಾಕುವ ಮಾಲೆಯಲ್ಲಿ ಮುಗಿಯದು. ನೆರೆಯೂರಿನ ಲೇಖಕನ ಪುಸ್ತಕವನ್ನು ಬೆಲೆಕೊಟ್ಟು ಕೊಳ್ಳುವವನೇ ಅದನ್ನು ಸಲ್ಲಿಸಿದವನು.