ನಾರ್ಕ್, ಬಾತ್ಮೀದಾರ, ಚಾಡಿಕೋರ: ಯಾರು ಯಾರಿಗೆ ಏನಂತಾರೆ?

ಪೊಲೀಸರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವವನಿಗೆ ಇಂಗ್ಲಿಷಿನ ಬೀದಿಮಾತಿನಲ್ಲಿ 'ನಾರ್ಕ್' ಅಂತಾರೆ. ಬೈಗುಳವೇ. 19ನೇ ಶತಮಾನದ ಬ್ರಿಟನ್ನಿನ ಈ ಪದದ ಮೂಲ ರೊಮಾನಿ ಭಾಷೆಯ 'ನಾಕ್', ಅಂದರೆ ಮೂಗು, ಎಂಬುದು ನಿಘಂಟುಗಳ ಸಾಮಾನ್ಯ ವಿವರಣೆ. ರೊಮಾನಿ ಭಾರತದಿಂದ ವಲಸೆ ಹೋದವರ ನುಡಿ. ನಿಪ್ಪಾಣಿಯ ಮರಾಠಿ ಮಾತಿನ 'ನಾಕ' ಇದರ ನೆಂಟನೇ ಆಯಿತಲ್ಲ! ಅಮೆರಿಕದ 'ನಾರ್ಕ್' ಬೇರೆ. ಅದು 'ನಾರ್ಕೋಟಿಕ್ಸ್' ಪದದ ಮೊಟಕು, ಮಾದಕವಸ್ತು ಪತ್ತೆ ಪೊಲೀಸನಿಗೆ ಅನ್ನೋದು. ಈಗ ಎರಡೂ ಕಲಸಿಹೋಗಿವೆ.

ನಮ್ಮ ಠಾಣೆಗಳ ಕನ್ನಡದಲ್ಲಿ ಇವನು 'ಬಾತ್ಮೀದಾರ'. 'ಖಚಿತ ಬಾತ್ಮಿ ಮೇರೆಗೆ ದಾಳಿ' ಅನ್ನುವ ಸಾಲು ಓದದವರು ಯಾರು? ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಎರಡು ಭಾಷೆಯ ಓದುಗರಿಗೆ ಇಲ್ಲೊಂದು ತೊಡಕು: ಮರಾಠಿಯಲ್ಲಿ ಬಾತಮೀದಾರ ಅಂದ್ರೆ ಪತ್ರಿಕಾ ವರದಿಗಾರ. ಪೊಲೀಸರ ಮಾಹಿತಿದಾರ ಅಲ್ಲಿ 'ಖಬರ್ಯಾ'.

ಊರ ಜನ ಇಷ್ಟೆಲ್ಲ ಭೇದ ಮಾಡೋದಿಲ್ಲ. ಪೊಲೀಸರಿಗೆ ಹೇಳಿದವ ಚಾಡಿಕೋರ, ಮುಗೀತು. ಇದು ಸರಿಯಲ್ಲ. ಚಾಡಿಯಲ್ಲಿ ಇರೋದು ಹೊಟ್ಟೆಕಿಚ್ಚು. ಅಪರಾಧ ತಿಳಿಸೋದು ಬೇರೆ. 2017ರ ಮಾರ್ಚ್‌ನಲ್ಲಿ ಕಾಗವಾಡದ ಪಕ್ಕದ ಮ್ಹೈಸಾಳದಲ್ಲಿ 19 ಭ್ರೂಣಗಳು ಸಿಕ್ಕವು. ಅದೂ ಗರ್ಭಪಾತದ ವೇಳೆ ಒಬ್ಬ ಹೆಣ್ಣುಮಗಳು ಸತ್ತ ಮೇಲೆ, ತನಿಖೆ ನಡೆದಾಗ. ಇಂಥ ದಂಧೆಯಲ್ಲಿ ಮಾಡುವವರೂ ಮಾಡಿಸುವವರೂ ಬಾಯಿ ಬಿಡೋದಿಲ್ಲ, ಮೂರನೆಯವರೇ ಹೇಳಬೇಕು.

ಹೇಳಿದವರ ಹೆಸರು? ಸುದ್ದಿ ಎಲ್ಲಿಂದ ಬಂತು ಅಂತ ತಿಳಿಸಲು ಪೊಲೀಸ್ ಅಧಿಕಾರಿಯನ್ನು ಬಲವಂತ ಮಾಡುವಂತಿಲ್ಲ ಅನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಂ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇದೇ ಮಾತು 125ನೇ ಕಲಮಿನಲ್ಲಿತ್ತು.