ವೀರನ ಪುನರಾಗಮನ: ಲಫಾಯೆತ್ ಮತ್ತು ಸುರಪುರದ ವೆಂಕಟಪ್ಪ ನಾಯಕ

ಸ್ವಾತಂತ್ರ್ಯಸಮರದಲ್ಲಿ ಹೋರಾಡಿದ ವೀರನೊಬ್ಬನು ದಶಕಗಳ ತರುವಾಯ ಆ ನೆಲಕ್ಕೆ ಮರಳಿ ಬಂದು ಜನರ ಗೌರವವನ್ನು ಸ್ವೀಕರಿಸುವುದು ಚರಿತ್ರೆಯಲ್ಲಿ ವಿರಳ. ಇದಕ್ಕೆ ಪ್ರಸಿದ್ಧ ನಿದರ್ಶನ ಫ್ರಾನ್ಸಿನ ಲಫಾಯೆತ್. 1777ರಲ್ಲಿ ಹತ್ತೊಂಬತ್ತರ ತರುಣನಾಗಿ ಅಮೆರಿಕದ ಸೈನ್ಯವನ್ನು ಸೇರಿದ ಆತನು, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನನ್ನು ಸೋಲಿಸಿದ ಸೇನಾನಿಗಳಲ್ಲೊಬ್ಬನು. ಇದೇ ಕಾರ್ನ್‌ವಾಲಿಸನು 1792ರಲ್ಲಿ ಟೀಪುವಿನ ಮೇಲೆ ಶ್ರೀರಂಗಪಟ್ಟಣದ ಒಪ್ಪಂದವನ್ನು ಹೇರಿದನೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. 1824ರ ಆಗಸ್ಟಿನಲ್ಲಿ ಲಫಾಯೆತ್ ಅಮೆರಿಕಕ್ಕೆ ಮರಳಿ ಬಂದು, ಅಂದಿನ 24 ಸಂಸ್ಥಾನಗಳನ್ನೂ ಸಂದರ್ಶಿಸಿ, 1825ರ ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆ ಹೊರಟನು. ಅಮೆರಿಕದ ಶಾಸನಸಭೆ ಆತನಿಗೆ ಎರಡು ಲಕ್ಷ ಡಾಲರುಗಳನ್ನೂ ಭೂಮಿಯನ್ನೂ ಅರ್ಪಿಸಿತು.

ಇಂತಹ ಪುನರಾಗಮನವು ರಾಯಚೂರು ಪ್ರಾಂತದ ಚರಿತ್ರೆಯಲ್ಲಿ ಉಂಟೇ? ದೇವದುರ್ಗಕ್ಕೆ ಕೃಷ್ಣೆಯ ಆಚೆಗಿರುವ ಸುರಪುರದ ವೃತ್ತಾಂತವನ್ನು ಇಲ್ಲಿ ಪರಿಶೀಲಿಸಬಹುದು. 1853ರ ಒಪ್ಪಂದದಂತೆ ರಾಯಚೂರು, ಮಾನ್ವಿ, ದೇವದುರ್ಗಗಳನ್ನೊಳಗೊಂಡ ದೋಆಬ್ ಪ್ರದೇಶವು ನಿಜಾಮನಿಂದ ಕಂಪನಿಯ ಆಡಳಿತಕ್ಕೆ ಸೇರಿತು. ಅದೇ ವರ್ಷ ಸುರಪುರದ ತರುಣ ದೊರೆ ವೆಂಕಟಪ್ಪ ನಾಯಕನು ರಾಜ್ಯಭಾರವನ್ನು ವಹಿಸಿಕೊಂಡನು. 1858ರ ಫೆಬ್ರವರಿಯಲ್ಲಿ ಆಂಗ್ಲಸೇನೆಯೊಡನೆ ನಡೆದ ಯುದ್ಧದಲ್ಲಿ ಸುರಪುರ ಸೋತಿತು. ಹೈದರಾಬಾದಿಗೆ ಹೋದ ದೊರೆಯು ಅಲ್ಲಿ ಬಂಧಿತನಾದನು. ವಿಧಿಸಿದ ಮರಣದಂಡನೆಯು ಕ್ರಮೇಣ ಇಳಿದು ನಾಲ್ಕು ವರ್ಷಗಳ ಸೆರೆವಾಸವಾಯಿತು. ಆದರೆ ಚೆಂಗಲ್‌ಪೇಟೆಗೆ ಸಾಗಿಸುವ ದಾರಿಯಲ್ಲಿಯೇ ಆತನು ಗುಂಡೇಟಿನಿಂದ ಮೃತನಾದನು. ಬದುಕಿದ್ದರೆ ನಾಲ್ಕು ವರ್ಷಗಳ ಅನಂತರ ಒದಗಬಹುದಾಗಿದ್ದ ಪುನರಾಗಮನವು ಹೀಗೆ ತಪ್ಪಿಹೋಯಿತು.

ಅದೇ 1858ರಲ್ಲಿ ಸುರಪುರಕ್ಕೆ ಮರಳಿ ಬಂದವನು ಬೇರೊಬ್ಬನು. ದೊರೆಯ ಬಾಲ್ಯದಲ್ಲಿ ಅಲ್ಲಿನ ಆಡಳಿತವನ್ನು ನೋಡಿಕೊಂಡು 1853ರಲ್ಲಿ ತೆರಳಿದ್ದ ಮೆಡೋಸ್ ಟೇಲರನು ಅಧಿಕಾರಿಯಾಗಿ ಪುನಃ ನಿಯುಕ್ತನಾದನು. ಪ್ರಜೆಗಳು ತನ್ನಲ್ಲಿ ತೋರಿದ ಅಭಿಮಾನವನ್ನು ಆತನು ಆತ್ಮಕಥೆಯಲ್ಲಿ ವರ್ಣಿಸಿದ್ದಾನೆ. ಈ ವರ್ಣನೆಯನ್ನು ಸುಳ್ಳೆಂದು ತಳ್ಳಿಹಾಕುವುದು ಯುಕ್ತವಲ್ಲ. ಆತನು ರೈತರ ಹಿತವನ್ನು ಬಯಸಿದವನೆಂಬುದಕ್ಕೆ ಆಧಾರಗಳುಂಟು. ಆದರೆ ಸನ್ಮಾನವನ್ನು ಪಡೆದವನೇ ಅದರ ಸಾಕ್ಷಿಯೂ ಆಗಿರುವನೆಂಬುದನ್ನು ಮರೆಯಲಾಗದು. ಅಲ್ಲದೆ, ದೊರೆಯು ಸೆರೆಗೆ ಸಿಕ್ಕು ಸೈನ್ಯವು ಊರನ್ನು ಹಿಡಿದ ಸಮಯದಲ್ಲಿ, ಪರಿಚಿತನಾದ ಅಧಿಕಾರಿಯನ್ನು ಕಂಡ ಜನರ ಸಂತೋಷದಲ್ಲಿ ಪ್ರೀತಿ ಎಷ್ಟು, ಅಭಯದ ಅಪೇಕ್ಷೆ ಎಷ್ಟು ಎಂಬುದನ್ನು ವಿವೇಚಿಸಬೇಕು.

ಲಫಾಯೆತ್ತನನ್ನು ಸ್ವಾಗತಿಸಿದುದು ಗೆದ್ದ ರಾಷ್ಟ್ರ. ಆತನ ಕೀರ್ತಿಯಲ್ಲಿ ಅದು ತನ್ನ ಜನ್ಮೋತ್ಸವವನ್ನೇ ಆಚರಿಸಿತು. ಸುರಪುರಕ್ಕೆ ಅಂತಹ ಯೋಗವಿರಲಿಲ್ಲ. 1860ರಲ್ಲಿ ದೋಆಬ್ ನಿಜಾಮನಿಗೆ ಹಿಂದಿರುಗಿತು. ಸುರಪುರವೂ ಅವನ ಪಾಲಾಯಿತು. ಈ ಪ್ರದೇಶವು ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿದುದು 1948ರ ಸೆಪ್ಟೆಂಬರಿನಲ್ಲಿ. ಆ ವೇಳೆಗೆ ದೊರೆಯನ್ನು ಕಣ್ಣಾರೆ ಕಂಡವರ ಪೀಳಿಗೆಯೇ ಅಳಿದಿತ್ತು.

ವೀರನ ಪುನರಾಗಮನಕ್ಕೆ ಆತನ ಶೌರ್ಯವೊಂದೇ ಸಾಲದು. ಆತನನ್ನು ಎದುರುಗೊಳ್ಳಬಲ್ಲ ಸ್ವತಂತ್ರ ಸಮಾಜವೂ ಬೇಕೆಂಬುದು ನಮ್ಮ ಅಭಿಪ್ರಾಯ. ಸೋತವರ ಚರಿತ್ರೆಯನ್ನು ಬೋಧಿಸುವಾಗ, ಮರಳಿ ಬಂದವನ ಬರಹದೊಡನೆ ಮರಳಿ ಬಾರದವನ ಮೌನವನ್ನೂ ಗಣನೆಗೆ ತಂದುಕೊಳ್ಳುವುದು ಅಧ್ಯಾಪಕರ ಕರ್ತವ್ಯವಾಗಿದೆ.