ನಂದಿದುರ್ಗದ ಸೀಮೆಯ ಯುದ್ಧದಾಟಗಳು

ಆಡು-ಹುಲಿ ದಕ್ಷಿಣ ಭಾರತದ ಹಳೆಯ ಯುದ್ಧದಾಟ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಊರುಗಳಲ್ಲಿ ಕನ್ನಡ ತೆಲುಗು ಎರಡೂ ನಾಲಿಗೆಯ ಮೇಲಿರುವುದರಿಂದ ಆಡು-ಹುಲಿ, ಹುಲಿ-ಕುರಿ, ಪುಲಿ-ಮೇಕ ಎಂಬ ಹೆಸರುಗಳೆಲ್ಲ ಇಲ್ಲಿಯವರಿಗೆ ಪರಿಚಿತ. ನೆಲಕ್ಕೆ ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ಒಂದು ತ್ರಿಕೋನ ಎಳೆದು, ಅದರ ಶಿಖರದಿಂದ ಬುಡದವರೆಗೆ ಗೆರೆಗಳನ್ನು ಇಳಿಸಿ, ಅಡ್ಡಗೆರೆಗಳಿಂದ ಅವನ್ನು ಕತ್ತರಿಸಿದರೆ ಮಣೆ ಸಿದ್ಧ. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಮನೆಗಳು 23, ಹುಲಿಗಳು 3, ಆಡುಗಳು 15. ಹುಲಿಗೆ ದೊಡ್ಡ ಕಲ್ಲು, ಆಡಿಗೆ ಹುಣಿಸೆಬೀಜ ಅಥವಾ ಬಳೆಚೂರು. ಬಿಡುವಿನ ಹೊತ್ತಿಗೆ ಆಡುವ ಆಟವೆಂದು ಇದನ್ನು ಹಗುರವಾಗಿ ನೋಡುವವರು ಅದರೊಳಗಿನ ಯುದ್ಧಬುದ್ಧಿಯನ್ನು ಗಮನಿಸಿಲ್ಲ.

ಹುಲಿಗಳು ಸಾಮಾನ್ಯವಾಗಿ ಶಿಖರದ ಹತ್ತಿರದ ಮನೆಗಳಲ್ಲಿ ನಿಲ್ಲುತ್ತವೆ. ಆಡುಗಳು ಒಂದೊಂದಾಗಿ ಮಣೆಗೆ ಇಳಿಯುತ್ತವೆ. ಹದಿನೈದೂ ಇಳಿಯುವವರೆಗೆ ಒಂದು ಆಡೂ ಕದಲುವಂತಿಲ್ಲ, ಆದರೆ ಹುಲಿ ಆ ಹೊತ್ತಿಗಾಗಲೇ ಬೇಟೆ ಶುರುಮಾಡಿರುತ್ತದೆ. ಪಕ್ಕದ ಮನೆಯಲ್ಲಿ ಆಡು ಇದ್ದು, ಅದೇ ಗೆರೆಯಲ್ಲಿ ಅದರಾಚೆಯ ಮನೆ ಖಾಲಿಯಿದ್ದರೆ ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡುಗಳಿಗೆ ಕೊಲ್ಲುವ ಅಧಿಕಾರವೇ ಇಲ್ಲ. ಮೂರೂ ಹುಲಿಗಳು ಕದಲದಂತೆ ಸುತ್ತುಗಟ್ಟುವುದೊಂದೇ ಅವುಗಳ ಗೆಲುವು. ಆದ್ದರಿಂದ ನುರಿತ ಆಟಗಾರ ಮೊದಲ ಆಡುಗಳನ್ನು ಅಂಚಿನ ಮನೆಗಳಲ್ಲಿ, ಮೂಲೆಗಳಲ್ಲಿ ಇಡುತ್ತಾನೆ, ಅಲ್ಲಿ ಹುಲಿಗೆ ಹಾರಿ ಇಳಿಯಲು ಜಾಗ ಸಿಗುವುದು ಕಷ್ಟ. ಒಂದರ ಹಿಂದೊಂದು ಎರಡು ಆಡು ನಿಂತರೂ ಹುಲಿಯ ನೆಗೆತ ನಿಲ್ಲುತ್ತದೆ. ಅವಸರಪಟ್ಟು ನಡುಮಣೆಗೆ ನುಗ್ಗಿದವನು ನಾಲ್ಕಾರು ಆಡುಗಳನ್ನು ಬೇಗನೆ ಕಳೆದುಕೊಳ್ಳುತ್ತಾನೆ, ಆಮೇಲೆ ಸುತ್ತುಗಟ್ಟಲು ಕಾಯಿಗಳೇ ಸಾಲುವುದಿಲ್ಲ. ಎರಡು ಪಕ್ಷಗಳ ಬಲ ಬೇರೆ, ನಡೆ ಬೇರೆ, ಗುರಿಯೂ ಬೇರೆ. ಯುರೋಪಿನ ನರಿ-ಬಾತುಗಳ ಆಟಕ್ಕೂ ನೇಪಾಳದ ಬಾಘ್‌ಚಾಲ್‌ಗೂ ಇದೇ ಗುಣವಿದೆ. ಆದರೆ ನಂದಿಬೆಟ್ಟದ ಸುತ್ತಿನ ಸೀಮೆಯಲ್ಲಿ ಈ ಆಟದ ತರ್ಕಕ್ಕೂ ನೆಲದ ಇತಿಹಾಸಕ್ಕೂ ಇರುವ ಹೊಂದಿಕೆ ಎದ್ದು ಕಾಣುತ್ತದೆ.

ಈ ಸೀಮೆ ದುರ್ಗಗಳ ಸೀಮೆ. ಆವತಿ ವಂಶದ ಮಲ್ಲಭೈರೇಗೌಡ ಚಿಕ್ಕಬಳ್ಳಾಪುರದ ಕೋಟೆ-ಪೇಟೆಯನ್ನು ಕಟ್ಟಿಸಿದ್ದು 1479ರಲ್ಲಿ ಎಂದು ಗೆಜೆಟಿಯರುಗಳು ದಾಖಲಿಸಿವೆ. ಗುಡಿಬಂಡೆಯ ಬೆಟ್ಟದ ಮೇಲೆ ಪಾಳೆಯಗಾರರ ಕೋಟೆ, ಚಿಂತಾಮಣಿಯ ಕಡೆ ಅಂಬಾಜಿದುರ್ಗ ಮತ್ತು ರೆಹಮಾನ್‌ಗಡ, ಇವೆಲ್ಲಕ್ಕೂ ತಲೆಯಂತೆ ನಂದಿದುರ್ಗ. ಚಿಂತಾಮಣಿ ಪಟ್ಟಣಕ್ಕೆ ಹೆಸರು ಬಂದದ್ದು ಮರಾಠ ನಾಯಕ ಚಿಂತಾಮಣಿರಾವ್‌ನಿಂದ. ಬಯಲಿನಲ್ಲಿ ದೊಡ್ಡ ಸೈನ್ಯ ಬಂದಾಗ ಚಿಕ್ಕ ಪಾಳೆಯಗಾರ ಎದುರು ನಿಂತು ಹೋರಾಡಿದ ಉದಾಹರಣೆಗಳು ಕಡಿಮೆ. ಆತ ಬೆಟ್ಟ ಹತ್ತುತ್ತಿದ್ದ, ಮೇಲಿನಿಂದ ಇಳಿದು ಹೊಡೆಯುತ್ತಿದ್ದ, ಬಂದವರು ಬುಡವನ್ನು ಸುತ್ತುವರಿಯುತ್ತಿದ್ದರು. 1762ರ ಹೊತ್ತಿಗೆ ಹೈದರಾಲಿ ಚಿಕ್ಕಬಳ್ಳಾಪುರವನ್ನು ಮುತ್ತಿದಾಗಲೂ ಆದದ್ದು ಇದೇ. ಪಾಳೆಯಗಾರ ನಂದಿದುರ್ಗ ಸೇರಿಕೊಂಡ, ಗುತ್ತಿಯ ಮುರಾರಿರಾಯನ ನೆರವು ಬೇಡಿದ, ಕೊನೆಗೆ ಸುತ್ತುಗಟ್ಟಿಗೆ ಸಿಕ್ಕಿ ಸೋತ.

ಆ ಬಗೆಯ ಯುದ್ಧದ ಅತ್ಯಂತ ಪ್ರಸಿದ್ಧ ಪ್ರಸಂಗ ಮೂರನೆಯ ಮೈಸೂರು ಯುದ್ಧದಲ್ಲಿ ನಡೆಯಿತು. 1791ರ ಮಾರ್ಚ್ ತಿಂಗಳಲ್ಲಿ ಬೆಂಗಳೂರನ್ನು ಹಿಡಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿನಿಂದ ಹಿಂದಿರುಗಬೇಕಾಯಿತು. ಮತ್ತೊಮ್ಮೆ ಹೊರಡುವ ಮುನ್ನ ಬೆನ್ನ ಹಿಂದಿನ ದುರ್ಗಗಳನ್ನು ತೆಗೆದುಹಾಕದೆ ಅವನಿಗೆ ಗತಿಯಿರಲಿಲ್ಲ. ಮೇಜರ್ ಗೌಡಿಯ ತುಕಡಿ ಮೊದಲು ರೆಹಮಾನ್‌ಗಡವನ್ನು ಹಿಡಿದು ಸೆಪ್ಟೆಂಬರಿನಲ್ಲಿ ನಂದಿದುರ್ಗದ ಬುಡಕ್ಕೆ ಬಂತು. ಸುಮಾರು 1,478 ಮೀಟರ್ ಎತ್ತರದ ಈ ಬೆಟ್ಟದ ಹೆಚ್ಚಿನ ಪಾರ್ಶ್ವಗಳು ಹತ್ತಲಾಗದ ಬಂಡೆ. ಹತ್ತಬಹುದಾದ ಪಶ್ಚಿಮದ ಕಡೆಗೆ ಎರಡು ಸುತ್ತಿನ ಗೋಡೆ. ಟಿಪ್ಪುವಿನ ಕಿಲ್ಲೇದಾರ ಲುತ್ಫ್ ಅಲಿ ಬೇಗ್ ಒಳಗಿದ್ದ. ಕಡಿದಾದ ಇಳಿಜಾರಿನಲ್ಲಿ ದಾರಿ ಕಡಿದು, ಆನೆಗಳ ನೆರವಿನಿಂದ ಫಿರಂಗಿಗಳನ್ನು ಮೇಲಕ್ಕೆ ಸಾಗಿಸುವುದಕ್ಕೇ ದಿನಗಟ್ಟಲೆ ಹಿಡಿಯಿತು. ಗೋಡೆಯಲ್ಲಿ ಬಿರುಕು ಬಿಟ್ಟ ಮೇಲೆ ಅಕ್ಟೋಬರ್ 19ರ ನಸುಕಿಗೆ ಮುನ್ನ, ಬೆಳದಿಂಗಳಿನಲ್ಲಿ, ಜನರಲ್ ಮೆಡೋಸ್ ನೇತೃತ್ವದಲ್ಲಿ ದಾಳಿ ನಡೆಯಿತು. ಮುತ್ತಿದವರಿಗೆ ಗುಂಡಿಗಿಂತ ಹೆಚ್ಚು ಗಾಯ ಮಾಡಿದ್ದು ಮೇಲಿನಿಂದ ಉರುಳಿಸಿದ ಬಂಡೆಗಳು. ಸುತ್ತುಗಟ್ಟಿದ ಸುಮಾರು ಮೂರು ವಾರಗಳ ಶ್ರಮವೇ ಇಲ್ಲಿ ನಿರ್ಣಾಯಕವಾಯಿತು, ನುಗ್ಗಿದ ಒಂದು ರಾತ್ರಿ ಅದರ ಫಲ ಮಾತ್ರ.

ಸಮಬಲದ ಎರಡು ಸೈನ್ಯಗಳ ಆಟ ಅರಮನೆಯದು, ಅದು ಚದುರಂಗ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವನ್ನು ಮಣೆಗೆ ಇಳಿಸಿದ ಈ ಆಟದ ಉಲ್ಲೇಖ 7ನೇ ಶತಮಾನದ ಬಾಣಭಟ್ಟನಲ್ಲೇ ಇದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ರಾಜನ ವಿನೋದಗಳ ನಡುವೆ ಚದುರಂಗವನ್ನು ವಿವರಿಸುತ್ತದೆ. ಕರ್ನಾಟಕದಲ್ಲಿ ಈ ಪರಂಪರೆಯ ತುದಿ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಆಡಳಿತ ಕೈತಪ್ಪಿದ ಮೇಲೆಯೂ ಅವರು ಆಟಗಳ ರಚನೆಯನ್ನು ಬಿಡಲಿಲ್ಲ. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಪೂರ್ತಿ ಆಟಗಳಿಗೇ ಮೀಸಲು. ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ತುರಗಗತಿಯಲ್ಲಿ ಅವರು ಮಾಡಿದ ರಚನೆಗಳು ಚದುರಂಗದ ಜಾಗತಿಕ ಇತಿಹಾಸದಲ್ಲಿ ಜಾಗ ಪಡೆದಿವೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆ ಮಣೆಗಳ ಚಿತ್ರಗಳನ್ನು ಇಂದಿಗೂ ನೋಡಬಹುದು.

ಮೇಜಿನ ಮೇಲೆ ಐತಿಹಾಸಿಕ ಯುದ್ಧಗಳನ್ನು ಆಡುವ ಇಂದಿನ ಹವ್ಯಾಸ ಹುಟ್ಟಿದ್ದು ಇದೇ ಚದುರಂಗದ ಕವಲಿನಿಂದ. ಪರ್ಷಿಯಾ, ಅರಬ್ ನಾಡುಗಳ ಮೂಲಕ ಯುರೋಪಿಗೆ ಹೋದ ಆಟವನ್ನು 1780ರಲ್ಲಿ ಜರ್ಮನಿಯ ಹೆಲ್‌ವಿಗ್ ಹಿಗ್ಗಿಸಿ, ಸಾವಿರಕ್ಕೂ ಹೆಚ್ಚು ಮನೆಗಳ ಮಣೆಯ ಮೇಲೆ ನದಿ, ಗುಡ್ಡ, ಫಿರಂಗಿ ತಂದ. ಪ್ರಷ್ಯಾದ ರೈಸ್‌ವಿಟ್ಸ್ ಎಂಬಾತ 1812ರಲ್ಲಿ ಅದನ್ನು ಮರಳು ಮತ್ತು ಅಚ್ಚಿನ ನೆಲಕ್ಕೆ ಬದಲಾಯಿಸಿದ. ಅವನ ಮಗ 1824ರಲ್ಲಿ ನಕ್ಷೆ, ದಾಳ, ಪಂಚರನ್ನು ಸೇರಿಸಿ ಸೇನಾಧಿಕಾರಿಗಳ ತರಬೇತಿಗೆ ಒಗ್ಗಿಸಿದ. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು ಪ್ರಕಟಿಸಿದ ಮೇಲೆ ಅದು ಮನೆಮನೆಯ ಹವ್ಯಾಸವಾಗುವ ದಾರಿ ತೆರೆಯಿತು. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ರಟ್ಟಿನ ಮಣೆಯ ಯುದ್ಧದಾಟವನ್ನು ಮಾರುಕಟ್ಟೆಗೆ ತಂದ. ಬ್ರಿಟನ್ನಿನ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ಕೈಪಿಡಿ ಚದುರಿದ್ದ ಹವ್ಯಾಸಿಗಳನ್ನು ಒಂದು ಸಮುದಾಯವಾಗಿ ಕೂಡಿಸಿತು. ಮೈಸೂರು ಯುದ್ಧಗಳೂ ಆ ಮೇಜುಗಳ ಮೇಲೆ ನಡೆಯುತ್ತವೆ, ಟಿಪ್ಪುವಿನ ಸಿಪಾಯಿಗಳು ಬೆರಳುದ್ದದ ಲೋಹದ ಗೊಂಬೆಗಳಾಗಿ ಬಣ್ಣ ಬಳಿಸಿಕೊಂಡು ನಿಲ್ಲುತ್ತಾರೆ. ಗೊಂಬೆಗಳ ಸೇನೆ ಕನ್ನಡಿಗರಿಗೂ ಹೊಸದಲ್ಲ. ದಸರೆಯ ಗೊಂಬೆ ಹಬ್ಬದಲ್ಲಿ ಆನೆ, ಕುದುರೆ, ಕಾಲಾಳುಗಳ ಜಂಬೂಸವಾರಿಯನ್ನು ಹಳೆ ಮೈಸೂರಿನ ಮನೆಗಳು ತಲೆಮಾರುಗಳಿಂದ ಜೋಡಿಸಿವೆ. ಅಲ್ಲಿ ಸೇನೆ ಮೆರವಣಿಗೆ ಹೊರಡುತ್ತದೆ, ಕಾದಾಡುವುದಿಲ್ಲ.

ನಂದಿದುರ್ಗದ ಮುತ್ತಿಗೆಯನ್ನು ಮೇಜಿನ ಮೇಲೆ ಆಡಬೇಕಾದರೆ ಚದುರಂಗದ ಸಮಬಲ ಉಪಯೋಗಕ್ಕೆ ಬಾರದು. ಒಂದು ಕಡೆಗೆ ಎತ್ತರ, ಗೋಡೆ, ಕೆರೆಯ ನೀರು, ಸೀಮಿತ ಜನ. ಇನ್ನೊಂದು ಕಡೆಗೆ ಸಂಖ್ಯೆ, ಫಿರಂಗಿ, ಆದರೆ ಕಡಿಮೆ ಸಮಯ. ಹೀಗೆ ಅಸಮ ಪಕ್ಷಗಳಿಗೆ ಬೇರೆ ಬೇರೆ ಗೆಲುವನ್ನು ನಿಗದಿಪಡಿಸುವುದು ಇಂದಿನ ಯುದ್ಧದಾಟಗಳ ರಚನಾಕಾರರು ಹೆಮ್ಮೆಯಿಂದ ಹೇಳಿಕೊಳ್ಳುವ ಕೌಶಲ. ಅದನ್ನು ಆಡು-ಹುಲಿ 18 ಕಾಯಿಗಳಲ್ಲಿ, ಪಂಚರ ನೆರವಿಲ್ಲದೆ, ದಾಳವನ್ನೂ ಬಳಸದೆ ಸಾಧಿಸಿದೆ. ಅರಮನೆಯ ಆಟಕ್ಕೆ ಗ್ರಂಥಗಳು ಸಿಕ್ಕವು, ಜಗಲಿಯ ಆಟಕ್ಕೆ ಸಿಗಲಿಲ್ಲ ಎಂಬುದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಜಗಲಿಯ ಆಟಕ್ಕೆ ಇರುವ ದಾಖಲೆ ಕಲ್ಲು. ಹಂಪಿಯ ಮಂಟಪಗಳ ನೆಲದಲ್ಲಿ ಕೊರೆದ ಮಣೆಗಳು ಪ್ರಸಿದ್ಧವಾಗಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳಿಗೆ ಹೊಸ ಮಣೆ, ಹೊಸ ಕಾಯಿ ಮಾಡಿಸಿ ಜನರ ಮುಂದಿಟ್ಟಿದೆ. ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಇಂಥ ಕೆಲಸ ನಡೆಯಬೇಕು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಹಾಸುಗಲ್ಲು ಕಿತ್ತು ಪಾಲಿಶ್ ಮಾಡಿದ ಗ್ರಾನೈಟ್ ಹಾಕುವವರು ಮೊದಲು ಆ ಕಲ್ಲುಗಳ ಮೇಲೆ ಕೊರೆದ ಗೆರೆಗಳಿವೆಯೇ ಎಂದು ನೋಡಿ, ಇದ್ದರೆ ಅಳೆದು, ಚಿತ್ರ ತೆಗೆದು, ಊರಿನ ಹಿರಿಯರಿಂದ ಆಡುವ ಕ್ರಮವನ್ನು ಬರೆಸಿಕೊಳ್ಳಲಿ.